ಹಿಂದಿನ ಪುಟದಿಂದ ಓದುವ ಹುಡುಗಿ

ಆ ಹುಡುಗಿಯ ದನಿ ಎಷ್ಟು ಸಣ್ಣದೆಂದರೆ, ಹುಟ್ಟಿದಾಗ ಅವಳು ಅತ್ತದ್ದು ಹೆರಿಗೆ ಕೋಣೆಯಲ್ಲಿ ಯಾರಿಗೂ ಕೇಳಿಸದೆ, ದಾದಿ ಬೆನ್ನು ತಟ್ಟುತ್ತಲೇ ಇದ್ದಳಂತೆ. ಕಡೆಗೆ ಮಗುವೇ ಬೇಸತ್ತು ದಾದಿಯ ಬೆರಳು ಹಿಡಿದು ತಡೆದ ಮೇಲೆ ನಿಲ್ಲಿಸಿದಳಂತೆ. ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ಅವಳ ಅಪ್ಪ. ಅವನು ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಹಾರ್ನು ಹೊಡೆದು ಮನೆಗೆ ಬಂದರೂ ಮಾತು ಹಾರ್ನಿನ ಮಟ್ಟದಿಂದ ಕೆಳಗಿಳಿಯುತ್ತಿರಲಿಲ್ಲ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಸದ್ದನ್ನು ಮೀರಿಸಿ ಮಾತಾಡಿ ಅಭ್ಯಾಸವಾದ ಗಂಟಲು ಅವಳದು. ಈ ಇಬ್ಬರ ನಡುವೆ ಹುಡುಗಿಗೆ ಬಾಯಿ ತೆರೆಯಲು ಸಂದು ಸಿಕ್ಕಿರಲೇ ಇಲ್ಲ. ಶಾಲೆಯಲ್ಲಿ ಅವಳಿಗೆ ಪಿಸುಮಾತು ಎಂದು ಹೆಸರಿಟ್ಟರು. ಅದು ಅಂಟಿಕೊಂಡಿತು.

ಅಂಥ ಪಿಸುಮಾತು ಒಂದು ದಿನ ಲಾ ಓದುತ್ತೇನೆಂದಾಗ ಅಪ್ಪ ನಿಂತಲ್ಲೇ ಬ್ರೇಕು ಹಾಕಿದ.

"ವಕೀಲಿಕೆನಾ? ವಾದಾನ ಜಡ್ಜ್ ಕಿವಿ ಹತ್ರ ಹೋಗಿ ಹೇಳ್ತೀಯೇನೇ?"

"ಮಾತಾಡೋ ವಕೀಲರು ಬೇಕಾದಷ್ಟು ಇದಾರಪ್ಪಾ. ಓದೋರೂ ಒಬ್ಬರು ಇರ್ಲಿ."

"ಏನಂದೆ?"

"ಏನಿಲ್ಲ, ಓದ್ತೀನಿ ಅಂದೆ."

ಕಾಲೇಜಿಗೆ ಸೇರಿದಳು. ಅಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆಗಳು, ಚರ್ಚಾಕೂಟಗಳು, ಎಲ್ಲವೂ ಗಂಟಲಿನ ವ್ಯವಹಾರ. ಅವಳು ವೇದಿಕೆ ಹತ್ತಿದರೆ ಸಭಿಕರು ಮೈಕು ಕೆಟ್ಟಿತೆಂದು ಎಲೆಕ್ಟ್ರಿಷಿಯನ್ನನ್ನು ಕರೆಸುತ್ತಿದ್ದರು. ಹಾಗಾಗಿ ಅವಳು ಮೆಟ್ಟಿಲ ಕೆಳಗಿನ ಒಂದು ಕೋಣೆ ಸೇರಿಕೊಂಡಳು. ಅದು ವಿದ್ಯಾರ್ಥಿಗಳೇ ನಡೆಸುವ ಕಾನೂನು ಪತ್ರಿಕೆಯ ಕೋಣೆ. ಜ್ಞಾನದಾಹದಿಂದ ಹೋದಳೆಂದು ಹೇಳಿದರೆ ಸುಳ್ಳಾದೀತು. ಇಡೀ ಕಾಲೇಜಿನಲ್ಲಿ ಸರಿಯಾಗಿ ತಿರುಗುತ್ತಿದ್ದ ಫ್ಯಾನು ಆ ಕೋಣೆಯದೊಂದೇ ಆಗಿತ್ತು.

ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಒಂದು ಕಾಲಿನ ಕೆಳಗೆ ಮಾರಾಟವಾಗದ ಹಳೆಯ ಸಂಚಿಕೆಗಳು, ಸುತ್ತ ಅಂಟಿನ ಮತ್ತು ಹಳೆ ಕಾಗದದ ವಾಸನೆ. ಪ್ರೊಫೆಸರುಗಳು, ವಕೀಲರು, ಒಮ್ಮೊಮ್ಮೆ ನಿವೃತ್ತ ಜಡ್ಜುಗಳು ಲೇಖನ ಕಳಿಸುತ್ತಿದ್ದರು. ಪತ್ರಿಕೆಯನ್ನು ಓದುತ್ತಿದ್ದವರು ಲೇಖಕರು, ಲೇಖಕರ ತಾಯಂದಿರು ಮತ್ತು ಕಪಾಟಿನ ಹುಳುಗಳು. ಮೂವರಲ್ಲಿ ಪೂರ್ತಿ ಮುಗಿಸುತ್ತಿದ್ದದ್ದು ಹುಳುಗಳು ಮಾತ್ರ.

ಆ ಕೋಣೆಯ ಒಡತಿ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ, ಪತ್ರಿಕೆಯ ಸಂಪಾದಕಿ. ಯಾರು ಏನು ಹೇಳಿದರೂ "ಅಸಲು ನೋಡಿದ್ಯಾ?" ಎಂದು ಕೇಳುತ್ತಿದ್ದುದರಿಂದ ಎಲ್ಲರಿಗೂ ಅವಳು ಅಸಲಕ್ಕ. ಮಳೆ ಬರುತ್ತಿದೆ ಎಂದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ನೋಡಿದ ಮೇಲೆಯೇ ಕೊಡೆ ತೆಗೆಯುವವಳು. ಜನನ ಪ್ರಮಾಣಪತ್ರ ನೋಡುವತನಕ ಹೆತ್ತ ತಾಯಿಯನ್ನೂ ಅಮ್ಮ ಎಂದು ಕರೆದಿರಲಿಲ್ಲವೆಂದು ಹುಡುಗರು ಆಣೆ ಮಾಡಿ ಹೇಳುತ್ತಿದ್ದರು.

ಕೆಲಸ ಇಷ್ಟೇ: ಲೇಖಕ ಮಹಾಶಯರು ತಮ್ಮ ಪ್ರತಿ ಮಾತಿಗೂ ಪುಟದ ಕೆಳಗೆ ಅಡಿಟಿಪ್ಪಣಿ ಹಾಕಿ, ಇಂಥ ತೀರ್ಪಿನಲ್ಲಿ ಇಂಥ ಪುಟದಲ್ಲಿ ಹೀಗಿದೆ ಎಂದು ಬರೆದಿರುತ್ತಾರೆ. ಲೈಬ್ರರಿಗೆ ಹೋಗಿ, ಆ ತೀರ್ಪು ಅಚ್ಚಾದ ಸಂಪುಟ ಇಳಿಸಿ, ಧೂಳಿಗೆ ಸೀನಿ, ಅದು ನಿಜಕ್ಕೂ ಅಲ್ಲಿ ಹಾಗೇ ಇದೆಯೇ ಎಂದು ನೋಡಬೇಕು. ಹುಡುಗಿ ಮೊದಮೊದಲು ದೊಡ್ಡವರು ಬರೆದದ್ದು ತಪ್ಪಿರುತ್ತದೆಯೇ ಎಂದುಕೊಂಡಿದ್ದಳು. ನೋಡನೋಡುತ್ತ ಅವಳಿಗೆ ಗಾಬರಿಯಾಯಿತು. ಹೇಳಿದ ಪುಟದಲ್ಲಿ ಹೇಳಿದ ಮಾತು ಇದ್ದರೆ ಅದೇ ಹಬ್ಬ. ಎಷ್ಟೋ ಸಲ ಬಾಡಿಗೆ ಕಾನೂನಿನ ಮಾತಿಗೆ ಕೊಟ್ಟ ಪುಟದಲ್ಲಿ ಯಾರದೋ ಎಮ್ಮೆ ಕಳುವಾದ ಕೇಸು ಇರುತ್ತಿತ್ತು.

"ಸಿಕ್ತು ಅಕ್ಕಾ, ಈ ಸಾಲು ಇಲ್ಲೇ ಇದೆ" ಎಂದು ಅವಳು ಖುಷಿಯಿಂದ ಹೇಳಿದರೆ ಅಸಲಕ್ಕ ಕನ್ನಡಕದ ಮೇಲಿಂದ ನೋಡುವಳು.

"ಸಾಲು ಸಿಕ್ತು ಸರಿ. ಯಾರು ಹೇಳ್ತಿರೋದು ಆ ಸಾಲನ್ನ?"

"ತೀರ್ಪು ಅಂದ್ಮೇಲೆ ಜಡ್ಜೇ ಅಲ್ವಾ?"

"ತೀರ್ಪಲ್ಲಿ ಜಡ್ಜ್ ಒಬ್ಬರೇ ಮಾತಾಡಲ್ಲ ಕಣೇ. ಆ ಕಡೆಯೋರು ಹೀಗಂದ್ರು, ಈ ಕಡೆಯೋರು ಹಾಗಂದ್ರು ಅಂತ ಎಲ್ಲಾನೂ ಬರೆದು, ಆಮೇಲೆ ತಮ್ಮ ಮಾತು ಹೇಳ್ತಾರೆ. ಹೋಗು, ಹಿಂದಿನ ಪುಟದಿಂದ ಓದ್ಕೊಂಡು ಬಾ."

ಹೀಗೆ ಹಿಂದಿನ ಪುಟಕ್ಕೆ ಹೋಗುವುದು ಅವಳಿಗೆ ಚಟವಾಯಿತು.

ಇನ್ನೊಂದು ಪದ್ಧತಿಯಿತ್ತು. ಅಚ್ಚಿಗೆ ಹೋಗುವ ಮುಂಚೆ ಇಬ್ಬರು ಎದುರುಬದುರು ಕೂರಬೇಕು. ಒಬ್ಬರು ಕರಡನ್ನು ಜೋರಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ. ಇನ್ನೊಬ್ಬರು ಅಸಲು ಪುಸ್ತಕದ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಕಣ್ಣು ಮೋಸ ಮಾಡುತ್ತದೆ, ಕಿವಿ ಮಾಡುವುದಿಲ್ಲ ಎಂಬುದು ಅಸಲಕ್ಕನ ಸಿದ್ಧಾಂತ. ಹುಡುಗಿಯನ್ನು ಮೇಜಿನ ಆ ತುದಿಯಲ್ಲಿ ಕೂರಿಸಿ, ತಾನು ಈ ತುದಿಯಲ್ಲಿ ಕೂತು, "ಕೇಳಿಸಲಿಲ್ಲ, ಮತ್ತೆ" ಎನ್ನುತ್ತಿದ್ದಳು. ಪಿಸುಮಾತು ಬೈದುಕೊಳ್ಳುತ್ತಲೇ ದನಿ ಏರಿಸಿದಳು. ಮನೆಯಲ್ಲಿ ಊಟಕ್ಕೆ ಕೂತಾಗಲೂ "ಅಮ್ಮಾ ಅಲ್ಪವಿರಾಮ ಉಪ್ಪು ಕೊಡು ಪೂರ್ಣವಿರಾಮ" ಎನ್ನುವಷ್ಟು ಅದು ನೆತ್ತಿಗೇರಿತು.

ಎಲ್ಲಕ್ಕಿಂತ ನಾಜೂಕಿನ ಕೆಲಸವೆಂದರೆ ತಪ್ಪು ಸಿಕ್ಕಾಗ ಅದನ್ನು ಬರೆದವರಿಗೆ ತಿಳಿಸುವುದು. ಒಬ್ಬ ಪ್ರೊಫೆಸರಿಗೆ ಫೋನು ಮಾಡಿ "ನಿಮ್ಮದು ತಪ್ಪು ಸಾರ್" ಎಂದ ಹುಡುಗನಿಗೆ ಅವರು ಕೊಟ್ಟ ಉತ್ತರದ ಬಿಸಿಗೆ ರಿಸೀವರು ಕರಗಿಹೋಯಿತೆಂದು ಪ್ರತೀತಿ. ಅದೇ ಪ್ರೊಫೆಸರಿಗೆ ಪಿಸುಮಾತು ಫೋನು ಮಾಡಿ, "ಸಾರ್, ನಮ್ಮ ಲೈಬ್ರರಿಯ ಸಂಪುಟ ನೋಡ್ತಾ ಇದೀನಿ, ನೀವೂ ನಿಮ್ಮ ಸಂಪುಟ ತೆಗೀತೀರಾ? ಇಬ್ಬರೂ ಒಟ್ಟಿಗೆ ಓದೋಣ" ಎಂದಳು. ಓದುತ್ತ ಓದುತ್ತ ಅವರೇ ನಿಂತರು. ಅವರೇ ಕೆಮ್ಮಿದರು. ಅವರೇ ತಿದ್ದಿದರು. ಮುಂದಿನ ಲೇಖನ ಕಳಿಸುವಾಗ, ಆ ಮೆಲುದನಿಯ ಹುಡುಗಿಯ ಕೈಗೇ ಕೊಡಿ ಎಂದು ಹೇಳಿ ಕಳಿಸಿದರು.

ಓದು ಮುಗಿಯಿತು. ಕೆಲಸ ಹುಡುಕಿ ಹೊರಟಾಗ ಇವೆಲ್ಲ ಯಾರಿಗೂ ಬೇಕಿರಲಿಲ್ಲ. ವಕೀಲರ ಆಫೀಸುಗಳಲ್ಲಿ ಒಂದೇ ಮಾತು: ದನಿ ಇಲ್ಲ, ವಕೀಲಿಕೆಗಾಗಲ್ಲ. ಊರಿನ ಆಫೀಸುಗಳೆಲ್ಲ ಮುಗಿದು ಇನ್ನು ಒಂದು ಉಳಿದಿತ್ತು. ಅದೂ ಆಗದಿದ್ದರೆ ಅಮ್ಮನ ಹೊಲಿಗೆ ಯಂತ್ರದ ಪಕ್ಕದ ಸ್ಟೂಲೇ ಗತಿ. ಅಮ್ಮ ಆಗಲೇ ಸ್ಟೂಲಿನ ಮೇಲೆ ಮೆತ್ತೆ ಹಾಕಿ ಇಟ್ಟಿದ್ದಳು, ಪ್ರೀತಿಯಿಂದಲೇ. ಹುಡುಗಿ ಆ ಮೆತ್ತೆಯತ್ತ ನೋಡದೆ ಸುತ್ತು ಹಾಕಿಕೊಂಡು ಓಡಾಡುತ್ತಿದ್ದಳು.

ಉಳಿದಿದ್ದ ಆಫೀಸು ಗುಡುಗು ವಕೀಲರದು. ಅವರು ವಾದಕ್ಕೆ ನಿಂತರೆ ಕೋರ್ಟಿನ ಮಾಡಿನ ಪಾರಿವಾಳಗಳು ಪಕ್ಕದ ತಾಲೂಕಿಗೆ ಹೋಗಿ ಕೂರುತ್ತಿದ್ದವು. ಒಮ್ಮೆ ಅವರು ಒಂದು ಹಾಲಿನಲ್ಲಿ ವಾದಿಸುತ್ತಿದ್ದಾಗ ಪಕ್ಕದ ಹಾಲಿನ ಜಡ್ಜು ಗೋಡೆಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡು, ಮೈಮರೆತು, ಇವರ ಕೇಸಿಗೆ ಅಲ್ಲಿಂದ ತೀರ್ಪು ಕೊಟ್ಟುಬಿಟ್ಟಿದ್ದರಂತೆ. ಅವರ ಆಫೀಸೆಂದರೆ ಎರಡು ಕೋಣೆ, ಕಪಾಟಿನ ತುಂಬ ಸಂಪುಟಗಳು, ಬಾಗಿಲಲ್ಲಿ ಒಣಕಲು ದೇಹದ ಒಬ್ಬ ಹಳೆಯ ಗುಮಾಸ್ತರು.

"ಏನಮ್ಮಾ, ರ್‍ಯಾಂಕು ಬಂದಿದೆಯಾ?" ಎಂದರು ಗುಡುಗು ವಕೀಲರು.

"ಇಲ್ಲ ಸಾರ್."

"ಸ್ಪರ್ಧೆ ಗಿರ್ಧೆ ಗೆದ್ದಿದೀಯಾ?"

"ಇಲ್ಲ ಸಾರ್."

"ಮನೇಲಿ ಯಾರಾದ್ರೂ ವಕೀಲರು?"

"ಅಪ್ಪ ಬಸ್ ಓಡಿಸ್ತಾರೆ ಸಾರ್."

"ಪುಣ್ಯಾತ್ಮ. ಈ ಊರಲ್ಲಿ ಜನಾನ ಹೇಳಿದ ಜಾಗಕ್ಕೆ ಮುಟ್ಟಿಸೋನು ಅವನೊಬ್ಬನೇ. ಮತ್ತೆ ನಿನ್ನ ಹತ್ರ ಏನಿದೆ?"

"ಕಾಲೇಜಿನ ಕಾನೂನು ಪತ್ರಿಕೆಯಲ್ಲಿ ಕೆಲಸ ಮಾಡಿದೀನಿ ಸಾರ್."

"ಏನ್ ಬರೀತಿದ್ದೆ? ಕವನಾನಾ?"

"ಬರೀತಿರಲಿಲ್ಲ ಸಾರ್. ಬೇರೆಯವರು ಬರೆದಿದ್ದು ಸರಿ ಇದೆಯಾ ಅಂತ ನೋಡ್ತಿದ್ದೆ."

"ಆ ಕೆಲಸಕ್ಕೆ ನಮ್ಮನೇಲಿ ನನ್ನ ಹೆಂಡತಿ ಇದಾಳಲ್ಲಮ್ಮ!"

ಗುಮಾಸ್ತರು ಬಾಗಿಲಲ್ಲೇ ನಕ್ಕರು. ಆದರೆ ಹಿಂದಿನ ಜೂನಿಯರು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದ, ಸೈಕಲ್ ಶಾಪಿನವರೊಬ್ಬರ ಅಪೀಲು ಹತ್ತಿರ ಬಂದಿತ್ತು, ಕೈಯಾಳು ಬೇಕಾಗಿತ್ತು. "ಈ ಅಪೀಲು ಮುಗಿಯೋವರೆಗೂ ಇರು. ಆಮೇಲೆ ನೋಡೋಣ" ಎಂದರು.

ಸೈಕಲ್ ಶಾಪಿನವರ ಕಥೆ ಇದು. ಮಾರುಕಟ್ಟೆ ರಸ್ತೆಯಲ್ಲಿ ಬಾಡಿಗೆ ಅಂಗಡಿ, ಅದೇ ಜೀವನ. ಹೆಂಡತಿ ಕಾಯಿಲೆ ಬಿದ್ದಾಗ ಆಸ್ಪತ್ರೆಯಲ್ಲೇ ಇರಬೇಕಾಗಿ ಬಂದು ತಿಂಗಳುಗಟ್ಟಲೆ ಅಂಗಡಿಗೆ ಬೀಗ ಹಾಕಿದ್ದರು. ಹೆಂಡತಿ ಗುಣವಾಗಿ ಬಂದಳು. ಅಷ್ಟರಲ್ಲಿ ಕಟ್ಟಡದ ಯಜಮಾನ, ಬಾಡಿಗೆದಾರ ಅಂಗಡಿ ಬಿಟ್ಟುಹೋಗಿದ್ದಾನೆ ಎಂದು ಕೇಸು ಹಾಕಿ ಕೆಳಗಿನ ಕೋರ್ಟಿನಲ್ಲಿ ಗೆದ್ದುಬಿಟ್ಟಿದ್ದ. ಈಗ ಅಪೀಲು.

ಗುಡುಗು ವಕೀಲರಿಗೆ ಇದರಲ್ಲಿ ಚಿಂತೆಯೇ ಇರಲಿಲ್ಲ. ಇಂಥ ಕೇಸಿಗೆಂದೇ ಅವರ ಬತ್ತಳಿಕೆಯಲ್ಲಿ ಒಂದು ಹಳೆಯ ತೀರ್ಪಿನ ಸಾಲಿತ್ತು: "ಬೀಗ ಹಾಕಿದ ಅಂಗಡಿ ಬಿಟ್ಟುಹೋದ ಅಂಗಡಿಯಲ್ಲ, ಬೀಗದ ಕೈ ಇಟ್ಟುಕೊಂಡವನು ಮರಳುವ ಮನಸ್ಸನ್ನೂ ಇಟ್ಟುಕೊಂಡಿದ್ದಾನೆ." ಈ ಸಾಲನ್ನು ಅವರು ಕೈ ಮೇಲೆತ್ತಿ ಹೇಳಿದರೆ ಕೋರ್ಟಿನ ಬೆಂಚುಗಳೂ ಕಣ್ಣೊರೆಸಿಕೊಳ್ಳುತ್ತಿದ್ದವು. ಊರಿನ ಅರ್ಧ ವಕೀಲರು ಅದನ್ನು ಅವರಿಂದಲೇ ಎತ್ತಿಕೊಂಡಿದ್ದರು. ಅವರ ಹೆಸರು ನಿಂತಿದ್ದೇ ಆ ಸಾಲಿನ ಮೇಲೆ.

ಕರಡು ಹುಡುಗಿಯ ಕೈಗೆ ಬಂತು. ಚೆಂದಗೆ ಬೆರಳಚ್ಚು ಮಾಡಿಸಿ ಫೈಲು ಕಟ್ಟು ಎಂದಷ್ಟೇ ಅವರು ಹೇಳಿದ್ದು. ಆದರೆ ಚಟ ಬಿಡಬೇಕಲ್ಲ. ಕಪಾಟಿನಿಂದ ಆ ಸಂಪುಟ ಇಳಿಸಿದಳು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಲ್ಲಗೆ ಬಿಡಿಸಿ ನೋಡಿದರೆ ಸಾಲು ಇತ್ತು, ಅಕ್ಷರಕ್ಕೆ ಅಕ್ಷರ ಸರಿಯಾಗಿ, ಪುಟದ ನೆತ್ತಿಯಲ್ಲೇ. ಸಮಾಧಾನವಾಯಿತು. ಆಮೇಲೆ ಬೆರಳು ತಾನಾಗಿಯೇ ಹಿಂದಿನ ಪುಟಕ್ಕೆ ಹೋಯಿತು. ಆ ಪುಟದ ತಳದಲ್ಲಿ ವಾಕ್ಯ ಹೀಗೆ ಶುರುವಾಗಿತ್ತು: "ಬಾಡಿಗೆದಾರರ ಪರ ವಕೀಲರು ಮಂಡಿಸುವ ವಾದವೇನೆಂದರೆ..."

ಮುಂದಕ್ಕೆ ಓದಿದಳು. ಕೆಲವು ಪುಟ ಆದ ಮೇಲೆ ಜಡ್ಜು ಬರೆದಿದ್ದರು: "ವಾದ ಕೇಳಲು ಸೊಗಸಾಗಿದೆ. ಒಪ್ಪಲು ಸಾಧ್ಯವಿಲ್ಲ."

ಅಂದರೆ ಗುಡುಗು ವಕೀಲರು ಇಷ್ಟು ಕಾಲ ಗುಡುಗುತ್ತಿದ್ದದ್ದು ಸೋತ ವಕೀಲನ ಮಾತನ್ನು. ಎದುರಿನವರು ಯಾರೂ ಪುಸ್ತಕ ತೆರೆದಿರಲಿಲ್ಲ. ಆ ದನಿಯ ಮುಂದೆ ತೆರೆಯುವ ಧೈರ್ಯ ಯಾರಿಗಿತ್ತು? ಆದರೆ ಈ ಸಲ ಎದುರು ನಿಂತಿದ್ದವರು ಹೊಸಬರು, ಬೇರೆ ಊರಿನವರು. ಅವರು ತೆರೆದರೆ ಸೈಕಲ್ ಶಾಪು ಹೋಯಿತು. ಹೇಳಿದರೆ ತನ್ನ ಕೆಲಸ ಹೋಯಿತು. ಹುಡುಗಿಗೆ ಸ್ಟೂಲಿನ ಮೇಲಿನ ಮೆತ್ತೆ ಕಣ್ಣಮುಂದೆ ಬಂತು.

ಅಸಲಕ್ಕನಾಗಿದ್ದರೆ ಅರ್ಧಕ್ಕೆ ನಿಲ್ಲಿಸಲು ಬಿಡುತ್ತಿರಲಿಲ್ಲ. ಹುಡುಗಿ ತೀರ್ಪನ್ನು ಕೊನೆಯ ಚುಕ್ಕೆಯವರೆಗೆ ಓದಿದಳು. ಆ ಬಾಡಿಗೆದಾರ ಯಾಕೆ ಸೋತ? ಅವನು ಸಾಮಾನನ್ನೆಲ್ಲ ಸಾಗಿಸಿ, ಅಂಗಡಿಯ ಬೋರ್ಡನ್ನೂ ಕಳಚಿಕೊಂಡು ಹೋಗಿದ್ದ. ಅದಕ್ಕೇ ಜಡ್ಜು ಬರೆದಿದ್ದರು: "ಸರಕು ಒಳಗಿದ್ದು ಫಲಕ ಹೊರಗಿದ್ದಿದ್ದರೆ ನಾನು ಬೇರೆ ರೀತಿ ಯೋಚಿಸುತ್ತಿದ್ದೆ." ನಮ್ಮ ಸೈಕಲ್ ಶಾಪಿನಲ್ಲಿ ಸ್ಪ್ಯಾನರು, ಟ್ಯೂಬು, ಪಂಪು ಎಲ್ಲ ಒಳಗೇ ಇತ್ತು. ಬೋರ್ಡು ತುಕ್ಕು ಹಿಡಿದುಕೊಂಡು ಬಾಗಿಲ ಮೇಲೇ ತೂಗಾಡುತ್ತಿತ್ತು.

ಸಂಜೆ ಮನೆಯಲ್ಲಿ ಅಪ್ಪನನ್ನು ಸುತ್ತುಬಳಸಿ ಕೇಳಿದಳು. "ಅಪ್ಪಾ, ಮುಂದೆ ಸೇತುವೆ ಮುರಿದಿದೆ ಅಂತ ನಿಂಗೆ ಗೊತ್ತು. ಮೇಲಿನ ಸಾಹೇಬ್ರು ಅದೇ ದಾರೀಲಿ ಹೋಗು ಅಂತಾರೆ. ಏನ್ ಮಾಡ್ತೀಯ?"

"ಬಸ್ಸಲ್ಲಿ ಜನ ಇದಾರಾ?"

"ಇದಾರೆ."

"ಮತ್ತೆ ಕೇಳೋದೇನೇ ಅದರಲ್ಲಿ?" ಎಂದು ಅವನು ತಟ್ಟೆಗೆ ತಿರುಗಿದ. ಅಮ್ಮ ಯಂತ್ರ ನಿಲ್ಲಿಸಿ ಮಗಳ ಮುಖ ನೋಡಿದಳು.

ಮರುದಿನ ಹುಡುಗಿ ಸಂಪುಟವನ್ನು ಎದೆಗೊತ್ತಿಕೊಂಡು ಒಳಗೆ ಹೋದಳು.

"ಸಾರ್, ಫೈಲ್ ಕಟ್ಟೋಕೆ ಮುಂಚೆ ಒಂದ್ಸಲ ಜೋರಾಗಿ ಓದಿಬಿಡೋಣ. ನಾನು ಕರಡು ಓದ್ತೀನಿ. ನೀವು ಪುಸ್ತಕದ ಮೇಲೆ ಬೆರಳಿಟ್ಕೊಂಡು ಬನ್ನಿ."

"ನಾನೇನು ಒಂದನೇ ಕ್ಲಾಸಾ? ಆ ಸಾಲು ನಂಗೆ ನಿದ್ದೇಲೂ ಬರತ್ತೆ."

"ಬರತ್ತೆ ಸಾರ್. ನಮ್ಮ ಪತ್ರಿಕೇಲಿ ಇದು ರೂಢಿ. ಹಿಂದಿನ ಪುಟದಿಂದ ಶುರು ಮಾಡೋದು."

ಮಗುವಿನ ಹಟವೆಂದು ಅವರು ಕನ್ನಡಕ ಏರಿಸಿ ಬೆರಳಿಟ್ಟರು. ಅವಳು ಕರಡನ್ನು ಓದಿದಳು: "ಮಾನ್ಯ ನ್ಯಾಯಾಲಯವು ಸ್ಪಷ್ಟವಾಗಿ ಹೇಳಿರುವಂತೆ ಅಲ್ಪವಿರಾಮ..." ದನಿ ಸಣ್ಣದೇ, ಆದರೆ ಕೇಳಿಸಿತು. ಗುಡುಗು ವಕೀಲರ ಬೆರಳು ಹಿಂದಿನ ಪುಟದ ತಳದಲ್ಲಿ ನಿಂತಿತು. ಮೆಲ್ಲಗೆ ಪುಟ ದಾಟಿತು, ಮತ್ತೆ ಹಿಂದಕ್ಕೆ ಬಂತು. ಆ ಆಫೀಸು ಕಟ್ಟಿದಾಗಿನಿಂದ ಅಷ್ಟು ನಿಶ್ಶಬ್ದವಾಗಿದ್ದು ಅದೇ ಮೊದಲು. ಹೆದರಿದ ಗುಮಾಸ್ತರು ಬಾಗಿಲಿಗೆ ಓಡಿಬಂದರು, ಯಜಮಾನರ ಉಸಿರು ಇದೆಯೋ ಇಲ್ಲವೋ ನೋಡಲು.

ವಕೀಲರು ಎದ್ದರು. ಕೋಟನ್ನೂ ಹಾಕಿಕೊಳ್ಳದೆ ಹೊರಗೆ ನಡೆದುಬಿಟ್ಟರು.

"ಏನು ಹೇಳಿದಿರಮ್ಮಾ ಅವರಿಗೆ?" ಎಂದರು ಗುಮಾಸ್ತರು.

"ನಾನೇನೂ ಹೇಳ್ಲಿಲ್ಲ. ಓದಿದೆ ಅಷ್ಟೇ."

"ಹಾಗಾದ್ರೆ ಚಪ್ಪಲಿ ಹಾಕ್ಕೊಂಡೇ ಕೂತಿರಿ. ಹಿಂದೊಮ್ಮೆ ಎದುರು ಮಾತಾಡಿದ ಒಬ್ಬ ಜೂನಿಯರಿಗೆ ಹಾಕ್ಕೊಳ್ಳೋಕೂ ಪುರುಸೊತ್ತು ಸಿಗಲಿಲ್ಲ."

ಅವಳು ಚಪ್ಪಲಿ ಹಾಕಿಕೊಂಡೇ ಕೂತಳು. ಕಿಟಕಿಯಿಂದ ನೋಡಿದರೆ ವಕೀಲರು ಎದುರಿನ ರಸ್ತೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ದೀಪದ ಕಂಬವೊಂದಕ್ಕೆ ಏನೋ ಹೇಳುತ್ತಿದ್ದರು. ಕಂಬ ಒಪ್ಪಿದಂತೆ ಕಾಣಲಿಲ್ಲ. ಕಡೆಗೆ ಅವರು ಒಳಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು.

"ನಮ್ಮ ಸೀನಿಯರು ಹೇಳ್ಕೊಟ್ಟ ಸಾಲಮ್ಮ ಅದು. ಅವರ ಮೇಲಿನ ಭಕ್ತಿಗೆ ಪುಸ್ತಕ ತೆರೀಲಿಲ್ಲ." ದನಿ ಅವಳದಕ್ಕಿಂತ ಸಣ್ಣದಾಗಿತ್ತು. "ಈಗ ಆ ಬಡಪಾಯಿ ಅಂಗಡಿ ಗತಿ?"

"ಮುಂದಕ್ಕೆ ಓದೋಣ ಸಾರ್. ಇನ್ನೂ ಇದೆ."

ಇಬ್ಬರೂ ಓದಿದರು. ಸರಕು ಒಳಗೆ, ಫಲಕ ಹೊರಗೆ ಎನ್ನುವಲ್ಲಿಗೆ ಬರುವಷ್ಟರಲ್ಲಿ ವಕೀಲರ ಬೆನ್ನು ನೆಟ್ಟಗಾಗಿತ್ತು. ಮುಗಿದಾಗ ಅವರು ಮೇಜಿನ ಮೇಲೆ ಗುದ್ದಿದ ಗುದ್ದಿಗೆ ಗುಮಾಸ್ತರ ಟೀ ಲೋಟ ಪಕ್ಕದ ಕೋಣೆಯಲ್ಲಿ ಮಗುಚಿಕೊಂಡಿತು. "ಕರಡು ಹರಿದು ಹಾಕು. ಹೊಸದು ಬರೆಯೋಣ."

ಅಪೀಲಿನ ದಿನ ಎದುರಿನ ವಕೀಲರ ಮುಂದೆ ಅದೇ ಸಂಪುಟ, ಅದೇ ಪುಟಕ್ಕೆ ಹಳದಿ ಚೀಟಿ ಇಟ್ಟುಕೊಂಡು ಕಾದಿತ್ತು. ಗುಡುಗು ವಕೀಲರು ಆ ಸಾಲನ್ನು ಹೇಳಿದ ಕೂಡಲೇ ಎದ್ದು ನಿಲ್ಲಬೇಕೆಂದು ಅವರು ಕುರ್ಚಿಯ ಅಂಚಿನಲ್ಲೇ ಕೂತಿದ್ದರು. ಗುಡುಗು ವಕೀಲರು ಎದ್ದರು. ಪಾರಿವಾಳಗಳು ಅಭ್ಯಾಸಬಲದಿಂದ ಹಾರಿದವು. ಆದರೆ ಅವರು ಮೆಲ್ಲಗೆ, ಪಕ್ಕದ ಮನೆಯವರೊಡನೆ ಮಾತಾಡುವ ಹಾಗೆ ಶುರುಮಾಡಿದರು.

"ಸ್ವಾಮಿ, ನಾನು ಹಿಂದೆ ಈ ಕೋರ್ಟಿನಲ್ಲಿ ಹೇಳಿದ ಒಂದು ಮಾತನ್ನು ಮೊದಲು ವಾಪಸು ತಗೋತೀನಿ. ಅದು ನ್ಯಾಯಾಲಯದ ಮಾತಲ್ಲ, ಸೋತವರ ವಾದ. ಆ ಬಾಡಿಗೆದಾರ ಯಾಕೆ ಸೋತ ಅನ್ನೋದನ್ನ ಈಗ ಓದ್ತೀನಿ. ಅದರಲ್ಲೇ ನನ್ನ ಕಕ್ಷಿದಾರ ಯಾಕೆ ಗೆಲ್ಲಬೇಕು ಅನ್ನೋದೂ ಇದೆ."

ಎದುರಿನವರ ಹಳದಿ ಚೀಟಿ ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ಅವರಿಗೆ ಹೇಳಲು ಉಳಿದದ್ದು ಅಷ್ಟೇ ಸದ್ದು. ಜಡ್ಜು ಕನ್ನಡಕ ತೆಗೆದು ಒರೆಸಿ, ಇಷ್ಟು ವರ್ಷದಲ್ಲಿ ನಿಮ್ಮ ವಾದ ನನಗೆ ಪೂರ್ತಿ ಕೇಳಿಸಿದ್ದು ಇವತ್ತೇ ಎಂದರು.

ಅಂಗಡಿ ಉಳಿಯಿತು.

ತೀರ್ಪು ಬಂದ ಮಧ್ಯಾಹ್ನ ಸೈಕಲ್ ಶಾಪಿನವರು ಹೆಂಡತಿಯನ್ನು ಕರೆದುಕೊಂಡು ಆಫೀಸಿಗೆ ಬಂದರು. ಗ್ರೀಸು ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ವಕೀಲರಿಗೆ ಕೈ ಮುಗಿದರು.

"ನನಗಲ್ಲಪ್ಪ. ಅಗೋ ಅಲ್ಲಿ, ಅವಳಿಗೆ ಹೇಳು."

"ಈ ಮಗೂಗಾ? ಕೋರ್ಟಲ್ಲಿ ಒಂದು ಮಾತೂ ಆಡ್ಲಿಲ್ಲವಲ್ಲ ಸಾರ್ ಇವರು?"

"ನಾನು ಬಾಯಿ ತೆರೆಯೋಕೆ ಮುಂಚೆ ಅವಳು ಆಡಬೇಕಾದ್ದು ಆಡಿ ಮುಗಿಸಿದ್ಲು."

ಶಾಪಿನವರ ಹೆಂಡತಿ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. "ಆಸ್ಪತ್ರೇಲಿ ಮಲಗಿದ್ದಾಗೆಲ್ಲ, ನನ್ನಿಂದ ಇವರ ಅಂಗಡಿ ಹೋಯ್ತಲ್ಲಾ ಅಂತಲೇ ಕೊರಗ್ತಿದ್ದೆ ಮಗಳೇ. ಇವತ್ತು ನಿದ್ದೆ ಬರತ್ತೆ" ಎಂದಳು. ಮೆಟ್ಟಿಲ ಕೆಳಗಿನ ಆ ಕೋಣೆ, ಕನ್ನಡಕದ ಮೇಲಿನ ಆ ನೋಟ, ಸೀನಿ ಸೀನಿ ಇಳಿಸಿದ ಸಂಪುಟಗಳು, ಎಲ್ಲದರ ಮೇಲೂ ಅವಳಿಗೆ ಒಮ್ಮೆಲೇ ಪ್ರೀತಿ ಉಕ್ಕಿತು.

ಅವರು ಹೋದ ಮೇಲೆ ಅವಳು ತನ್ನ ಪೆನ್ನು, ಟಿಫಿನ್ ಡಬ್ಬಿ, ಕೊಡೆ ಎಲ್ಲ ಚೀಲಕ್ಕೆ ತುಂಬಿಕೊಂಡಳು. ಅಪೀಲು ಮುಗಿಯುವವರೆಗೆ ಎಂಬುದು ಮಾತಾಗಿತ್ತು, ಅಪೀಲು ಮುಗಿದಿತ್ತು. ಗುಮಾಸ್ತರಿಗೆ ನಮಸ್ಕಾರ ಹೇಳಿ ಬಾಗಿಲ ಹತ್ತಿರ ಹೋದಳು.

"ಎಲ್ಲಿಗೆ?" ಒಳಗಿನಿಂದ ಬಂದ ಗುಡುಗಿಗೆ ಕಿಟಕಿಯ ಗಾಜು ಝಲ್ಲೆಂದಿತು.

"ಅಪೀಲು ಮುಗೀತಲ್ಲ ಸಾರ್."

"ಒಂದು ಮುಗೀತು. ಈ ಕಪಾಟಲ್ಲಿ ಇನ್ನೆಷ್ಟು ಕೇಸು ಇದಾವೆ ನೋಡಿದ್ಯಾ? ಇಷ್ಟು ವರ್ಷ ಜೂನಿಯರುಗಳು ಬಂದ್ರು, ಹೋದ್ರು. ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಆಡಿಸಿ ಒಬ್ಬೊಬ್ಬರ ಕುತ್ತಿಗೇನೂ ಸವೆದುಹೋಯ್ತು. ನೀನೊಬ್ಬಳು ಪುಸ್ತಕ ತೆರೆದೆ. ತೆರೆದು, ನನ್ನ ಮರ್ಯಾದೇನೂ ಉಳಿಸಿದೆ. ಇದನ್ನ ಯಾವ ಪ್ರೊಫೆಸರಮ್ಮ ಹೇಳ್ಕೊಟ್ಟಿದ್ದು?"

"ಪ್ರೊಫೆಸರಲ್ಲ ಸಾರ್. ನಮ್ಮ ಅಸಲಕ್ಕ."

"ಅವರ ಹೊಟ್ಟೆ ತಣ್ಣಗಿರ್ಲಿ. ಗುಮಾಸ್ತರೇ, ಈ ಹುಡುಗಿಗೆ ಒಂದು ಮೇಜು ಹಾಕ್ಸಿ, ನನ್ನ ಎದುರಿಗೆ."

ಗುಮಾಸ್ತರು ತಲೆ ಕೆರೆದುಕೊಂಡರು. "ಎದುರಿಗೆ ಬೇಡ ಸಾರ್, ನಿಮ್ಮ ದನಿಗೆ ಹುಡುಗಿ ಹಾರಿಹೋದಾಳು. ಪಕ್ಕಕ್ಕೆ ಹಾಕ್ತೀನಿ."

"ಎದುರಿಗೇ ಹಾಕಿ" ಎಂದಳು ಹುಡುಗಿ.

ಇಬ್ಬರಿಗೂ ಕೇಳಿಸಿತು.